ಮಗ ಭಾನುವಾರ ಬೆಳಿಗ್ಗೆ ಎಲ್ಲಿಗೆ ಹೋಗ್ತಾನೆ?

‘ಅಕ್ಕಾರ, ನನ್ನ ಮಗ ಸೆಕೆಂಡ್ ಪಿಯುಸಿ. ನಾಲ್ಕು ತಿಂಗಳಾತು, ಭಾನುವಾರ ಬಂತಂದ್ರ ಎಂಟಕ್ಕ ಎದ್ದು ಸ್ನಾನ ಮಾಡಿ ಹೊರಗ ಹೊಂಡತಾನ. ಎಲ್ಲಿಗೆ ಅಂದ್ರ, ಯೂತ್ ಗ್ರೂಪಿನ ಮೀಟಿಂಗ್ ಐತಿ ಅಮ್ಮಿ ಅಂತಾನ. ಮೊದಲ ಹನ್ನೊಂದರ ತನಕ ಮಲಗಾಂವ! ನಮ್ಮ ಅತ್ತಿಯವರು, ನಮಾಜ್ ಮಾಡಾಕ ಹತ್ಯಾನ, ಚಲೋ ಆತು ಬಿಡು ಅಂತಾರ. ಅವರ ಅಬ್ಬಾ ಮಾತ್ರ, ಯಾವ ಗ್ರೂಪೂ ಬ್ಯಾಡ, ನಾಳೆ ಪೊಲೀಸರು ಬಾಗಿಲಿಗೆ ಬಂದ್ರ ಯಾರು ನೋಡವರು ಅಂತ ಸಿಟ್ಟಿಗೇಳ್ತಾರ. ನಡುವ ನಾನು. ಬಿಡ್ಲ್ಯೋ, ತಡೀಲ್ಯೋ? ರಾತ್ರಿ ನಿದ್ದಿ ಹತ್ತವಲ್ದು.’

ಬೆಳಗಾವಿಯಿಂದಲೇ ಬಂದ ಪತ್ರವಿದು. ಬರೆದಾಕೆ ಖಾನಾಪುರದವರು. ಮಕ್ಕಳ ಕಾಲೇಜಿಗೆಂದು ಇಲ್ಲಿ ಬಾಡಿಗೆ ಮನೆ ಮಾಡಿದ್ದಾರೆ. ಯಜಮಾನರ ಹಂಚಿನ ವ್ಯಾಪಾರ ಇನ್ನೂ ಅಲ್ಲೇ. ದಿನಾ ಬೆಳಿಗ್ಗೆ ಬಸ್ಸಿಗೆ ಹೋಗಿ ರಾತ್ರಿ ಬರುತ್ತಾರೆ. ಹಾಗಾಗಿ ಮಗನ ಮೇಲೆ ಕಣ್ಣಿಡುವ ಕೆಲಸವೆಲ್ಲ ಈ ತಾಯಿಯದೇ.

ಇಂಥ ಪತ್ರಕ್ಕೆ ನಾಲ್ಕು ಸಾಲಿನ ಉತ್ತರ ಬರೆದು ಕೈ ತೊಳೆದುಕೊಳ್ಳುವುದು ಸುಲಭ. ‘ಮಗನೊಂದಿಗೆ ಸ್ನೇಹಿತೆಯಂತೆ ಮಾತನಾಡಿ’ ಎಂದು ನಾವು ಹೇಳುವುದು, ನೀವು ‘ಹ್ಞೂಂ’ ಅನ್ನುವುದು! ಈ ಸಲ ಹಾಗೆ ಮಾಡಲು ಮನಸ್ಸಾಗಲಿಲ್ಲ. ಆಕೆಗೆ ಫೋನ್ ಮಾಡಿದೆ. ‘ಆ ಮೀಟಿಂಗ್ ನಡೆಯೋ ಜಾಗ ನೀವು ನೋಡೀರೇನು?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಇಲ್ರಿ ಅಕ್ಕಾರ. ಹೆಂಗಸರು ಹೋಗೂದಿಲ್ಲೇನೋ ಅಂತ...’ ಅಂದರು.

ನಾಲ್ಕು ತಿಂಗಳು ನಿದ್ದೆ ಕೆಟ್ಟಿದೆ, ಆದರೆ ಎರಡು ಗಲ್ಲಿ ಆಚೆಗಿನ ಮೆಟ್ಟಿಲು ಹತ್ತಿ ನೋಡಿಲ್ಲ. ಆಕೆಯನ್ನು ಬೈಯಲು ಹೇಳುತ್ತಿಲ್ಲ. ನಮ್ಮಲ್ಲಿ ಮುಕ್ಕಾಲು ಜನ ಹಾಗೇ.

ಅಂಜಿಕೆಗೆ ಕಾರಣವಿಲ್ಲ ಅಂತಲೂ ಹೇಳಲಾರೆ. 2021ರ ಸೆಪ್ಟೆಂಬರ್ ಕೊನೆಯ ವಾರ ಖಾನಾಪುರದ ಹತ್ತಿರ ರೈಲು ಹಳಿಯ ಮೇಲೆ ಯುವಕನೊಬ್ಬನ ಶವ ಸಿಕ್ಕಿತ್ತು. ಬೇರೆ ಧರ್ಮದ ಹುಡುಗಿಯ ಜತೆಗಿನ ಪ್ರೀತಿಯೇ ಕೊಲೆಗೆ ಕಾರಣ ಎಂದು ಪೊಲೀಸರು ಕೇಸು ಮಾಡಿ, ಅಕ್ಟೋಬರ್‌ನಲ್ಲಿ ಹತ್ತು ಜನರನ್ನು ಬಂಧಿಸಿದರು. ಆ ಸುದ್ದಿ ಓದಿದ ದಿನ ಈ ಭಾಗದ ಎಷ್ಟು ಮನೆಗಳಲ್ಲಿ ತಾಯಂದಿರು ಮಗನ ಮೊಬೈಲ್ ತೆಗೆದು ನೋಡಿರಬಹುದು! ‘ಮಗ ಒಬ್ಬನೇ ತಿರುಗಿದ್ರೂ ಅಂಜಿಕಿ, ಗುಂಪಿನಾಗ ತಿರುಗಿದ್ರೂ ಅಂಜಿಕಿ ಅಕ್ಕಾರ’ ಎಂದು ಈ ತಾಯಿ ಫೋನಿನಲ್ಲಿ ಹೇಳಿದ್ದರ ಹಿಂದೆ ಆ ದಿನವೂ ಇದೆ.

ಇನ್ನು ಯಜಮಾನರು ‘ಪೊಲೀಸರು’ ಅಂದರಲ್ಲ, ಅದೂ ಗಾಳಿಯ ಮಾತಲ್ಲ. ಸಿಮಿ ಎಂಬ ವಿದ್ಯಾರ್ಥಿ ಸಂಘಟನೆಗೆ 2001ರಲ್ಲೇ ನಿಷೇಧ ಬಿತ್ತು. 2022ರ ಸೆಪ್ಟೆಂಬರ್ 28ರಂದು ಕೇಂದ್ರ ಸರ್ಕಾರ ಪಿಎಫ್‌ಐಯನ್ನೂ ಅದರ ಜತೆಗಿದ್ದ ಎಂಟು ಸಂಸ್ಥೆಗಳನ್ನೂ ಐದು ವರ್ಷಕ್ಕೆ ನಿಷೇಧಿಸಿತು. ಆ ಎಂಟರಲ್ಲಿ ಕಾಲೇಜು ಹುಡುಗರ ಕ್ಯಾಂಪಸ್ ಫ್ರಂಟ್ ಇತ್ತು, ಜೂನಿಯರ್ ಫ್ರಂಟ್ ಕೂಡ ಇತ್ತು. ಅಂದಿನಿಂದ ‘ಸಂಘಟನೆ’ ಎಂಬ ಶಬ್ದ ಕೇಳಿದರೇ ಅಪ್ಪಂದಿರ ಎದೆ ಝಲ್ ಅನ್ನುತ್ತದೆ.

ಆದರೆ ಎಲ್ಲವನ್ನೂ ಒಂದೇ ಬುಟ್ಟಿಗೆ ಹಾಕಿದರೆ ಹೇಗೆ? ಎಸ್‌ಐಒ, ಅಂದರೆ ಸ್ಟೂಡೆಂಟ್ಸ್ ಇಸ್ಲಾಮಿಕ್ ಆರ್ಗನೈಸೇಶನ್, 1982ರಲ್ಲಿ ಶುರುವಾಗಿದ್ದು. ಜಮಾಅತೆ ಇಸ್ಲಾಮಿ ಹಿಂದ್‌ನ ವಿದ್ಯಾರ್ಥಿ ವಿಭಾಗ. ಸಿಮಿ ಬೇರೆ, ಇದು ಬೇರೆ. ಹೆಸರು ಒಂದೇ ತರ ಕೇಳಿಸುತ್ತವೆ ಎಂದು ಗೊಂದಲ ಮಾಡಿಕೊಳ್ಳಬೇಡಿ. ಹುಡುಗಿಯರಿಗೆ ಜಿಐಒ ಎಂಬ ಪ್ರತ್ಯೇಕ ಸಂಘಟನೆ ಇದೆ. ಮಂಗಳೂರು ಕಡೆ ಸುನ್ನಿ ಹುಡುಗರ ಎಸ್‌ಎಸ್‌ಎಫ್ ಹೆಸರು ಹೆಚ್ಚು. ಮೂರು ದಿನ, ನಲವತ್ತು ದಿನ ಊರೂರು ಸುತ್ತುವ ತಬ್ಲೀಗ್ ಜಮಾತ್‌ನ ದಾರಿ ಇನ್ನೊಂದು. ಇವು ಯಾವುದಕ್ಕೂ ಸೇರದೆ, ಮಸೀದಿಯ ಪಕ್ಕದ ಹಾಲ್‌ನಲ್ಲೋ ಯಾರದೋ ಅಂಗಡಿಯ ಮಹಡಿಯಲ್ಲೋ ಸೇರುವ ಗಲ್ಲಿಯ ಗ್ರೂಪುಗಳೂ ಇವೆ. ನಮ್ಮ ತಾಯಿಯ ಮಗ ಸೇರಿದ್ದು ಈ ಕೊನೆಯ ಜಾತಿಯದಕ್ಕೆ.

ಒಂದು ಭಾನುವಾರ ಆಕೆಯನ್ನು ಕರೆದುಕೊಂಡು ಹೋದೆ. ಗ್ರೂಪಿನ ಹೆಸರು ಬರೆಯಬೇಡಿ ಅಂದರು, ಬರೆಯುವುದಿಲ್ಲ. ಅಂಗಡಿಯ ಮೇಲಿನ ಒಂದು ಹಾಲ್, ನೆಲಕ್ಕೆ ಜಮಖಾನೆ, ಸುಮಾರು ಮೂವತ್ತು ಹುಡುಗರು. ತಾಯಿಯನ್ನು ನೋಡಿದ ಕೂಡಲೇ ಮಗನ ಮುಖ ಕೆಂಪಗಾಯಿತು! ‘ಅಮ್ಮಿ ಯಾಕ ಬಂದ್ರಿ?’ ಎಂದು ಕಣ್ಣಲ್ಲೇ ಕೇಳಿದ. ಗ್ರೂಪ್ ನೋಡಿಕೊಳ್ಳುವ ಶಿಕ್ಷಕರೊಬ್ಬರು ಎದ್ದು ಎರಡು ಕುರ್ಚಿ ಹಾಕಿಸಿದರು. ‘ನಾಲ್ಕು ವರ್ಷದಾಗ ಬಂದ ಎರಡನೇ ತಾಯಿ ನೀವು’ ಅಂದರು. ಮೊದಲನೆಯಾಕೆ ಬಂದಿದ್ದು ಮಗನನ್ನು ಬೈದು ಮನೆಗೆ ಕರೆದೊಯ್ಯಲಿಕ್ಕಂತೆ.

ಮೊದಲ ಇಪ್ಪತ್ತು ನಿಮಿಷ ಉರ್ದುವಿನಲ್ಲಿ ಕುರಾನ್ ವಿವರಣೆ. ಆಮೇಲೆ ಒಬ್ಬ ಹುಡುಗ ಎದ್ದು ಕನ್ನಡ ಪೇಪರ್ ಜೋರಾಗಿ ಓದಿದ. ತಡವರಿಸಿದಲ್ಲಿ ಉಳಿದವರು ನಗಾಡುತ್ತಾ ತಿದ್ದಿದರು. ಇದೇನು ಆಟ ಅಂತ ಕೇಳಿದರೆ ಗೊತ್ತಾಗಿದ್ದು: ಇವರಲ್ಲಿ ಅರ್ಧ ಜನ ಎಸ್ಸೆಸ್ಸೆಲ್ಸಿವರೆಗೆ ಉರ್ದು ಮಾಧ್ಯಮ. ಮನೆಯಲ್ಲಿ ದಖ್ನಿ, ಗಲ್ಲಿಯಲ್ಲಿ ಮರಾಠಿ, ಕಾಲೇಜಿನಲ್ಲಿ ಇಂಗ್ಲಿಷ್, ತಹಶೀಲ್ದಾರ್ ಆಫೀಸಿನಲ್ಲಿ ಕನ್ನಡ. ನಾಲ್ಕು ಭಾಷೆ ಮಾತಾಡುವ ಹುಡುಗ ಒಂದು ಅರ್ಜಿ ತುಂಬಲಾರದೆ ಏಜೆಂಟನಿಗೆ ದುಡ್ಡು ಕೊಟ್ಟು ಬರುತ್ತಾನೆ. ಅದಕ್ಕೇ ಈ ಓದು.

ಅರ್ಜಿ ಅಂದೆನಲ್ಲ, ಆ ಹಾಲ್‌ನಲ್ಲಿ ನನಗೆ ಬಹಳ ಹಿಡಿಸಿದ್ದು ಅದೇ ಮೂಲೆ. ಒಂದು ಹಳೇ ಲ್ಯಾಪ್‌ಟಾಪ್, ಸುತ್ತ ಐದಾರು ಹುಡುಗರು. ವಿದ್ಯಾರ್ಥಿವೇತನದ ಅರ್ಜಿ, ಸಿಇಟಿ ಆದವರಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲದ ಅರ್ಜಿ, ಆದಾಯ ಪ್ರಮಾಣಪತ್ರ... ಎಲ್ಲ ಅಲ್ಲೇ. ‘ಹೆಸರಿನದ್ದೇ ದೊಡ್ಡ ತ್ರಾಸ್ ಆಂಟಿ’ ಅಂದ ಒಬ್ಬ. ಆಧಾರ್‌ನಲ್ಲಿ ಶೇಖ್, ಅಂಕಪಟ್ಟಿಯಲ್ಲಿ ಶೇಕ್, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಬರೀ ಎಸ್. ಒಂದಕ್ಕೊಂದು ಕೂಡದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. (ನಿಮ್ಮ ಮಕ್ಕಳ ದಾಖಲೆಗಳನ್ನು ಈ ವಾರವೇ ಒಂದರ ಪಕ್ಕ ಒಂದಿಟ್ಟು ನೋಡಿ, ಯಾವ ಧರ್ಮದವರಾದರೂ ಸರಿ.) 1ರಿಂದ 8ನೇ ತರಗತಿಯ ಅಲ್ಪಸಂಖ್ಯಾತ ಮಕ್ಕಳಿಗಿದ್ದ ಕೇಂದ್ರದ ವಿದ್ಯಾರ್ಥಿವೇತನ 2022ರಲ್ಲಿ ನಿಂತುಹೋಗಿದ್ದು ಎಷ್ಟೋ ತಾಯಂದಿರಿಗೆ ತಿಳಿದೇ ಇರಲಿಲ್ಲವಂತೆ. ಅವರಿಗೆ ಹೇಳಿ ಕಳಿಸಿದ್ದೂ ಈ ಹುಡುಗರೇ.

ಇದೆಲ್ಲ ಸಣ್ಣ ಕೆಲಸ ಅನ್ನಿಸಬಹುದು. 2006ರಲ್ಲಿ ಬಂದ ಸಾಚಾರ್ ಸಮಿತಿ ವರದಿ ನೆನಪಿದೆಯೇ? 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ನಾಲ್ವರಲ್ಲಿ ಒಬ್ಬರು ಶಾಲೆಯ ಮುಖವನ್ನೇ ನೋಡಿಲ್ಲ, ಇಲ್ಲವೇ ನಡುವೆ ಬಿಟ್ಟವರು ಎಂದು ಅದು ಹೇಳಿತ್ತು. ಶಾಲೆ ಬಿಡುವುದು ಬರೀ ಬಡತನಕ್ಕಲ್ಲ, ದಾರಿ ತೋರಿಸುವವರಿಲ್ಲ ಅಂತಲೂ ಹೌದು. ಗ್ಯಾರೇಜಿಗೆ ಸೇರಲು ಹೊರಟವನನ್ನು ಐಟಿಐಗೆ ಸೇರಿಸಿದ್ದೇವೆ ಎಂದು ಆ ಶಿಕ್ಷಕರು ಒಬ್ಬ ಹುಡುಗನ ಹೆಗಲು ತಟ್ಟಿದರು. ಅವನು ನಾಚಿದ.

ಹಾಗಾದರೆ ಎಲ್ಲ ಚೆನ್ನ, ಕಣ್ಣು ಮುಚ್ಚಿ ಕಳಿಸಿಬಿಡಿ ಅನ್ನಲೇ? ಇಲ್ಲ.

ಚಹಾ, ಖಾರಿ ಬಂದಾಗ ನಾವು ಪ್ರಶ್ನೆ ಶುರು ಮಾಡಿದೆವು. ಗ್ರೂಪ್ ರಿಜಿಸ್ಟರ್ ಆಗಿದೆಯೇ? ವಂತಿಗೆ ಎಷ್ಟು, ರಸೀದಿ ಕೊಡುತ್ತೀರಾ? ಹೊರಗಿನಿಂದ ಭಾಷಣಕ್ಕೆ ಬರುವವರು ಯಾರು? ಹುಡುಗರನ್ನು ಬೇರೆ ಊರಿಗೆ ಕ್ಯಾಂಪಿಗೆ ಕರೆದೊಯ್ಯುವ ಮೊದಲು ಮನೆಯವರ ಸಹಿ ಪಡೆಯುತ್ತೀರಾ? ವಂತಿಗೆಯ ಪುಸ್ತಕ ತಂದು ತೋರಿಸಿದರು. ಸಂಘ ರಿಜಿಸ್ಟರ್ ಆಗಿರಲಿಲ್ಲ, ‘ಮಾಡಿಸಬೇಕ್ರಿ’ ಅಂದರು. ಸಹಿಯ ಪದ್ಧತಿಯೂ ಇರಲಿಲ್ಲ. ನಮ್ಮ ತಾಯಿ ಅಲ್ಲಿಯವರೆಗೆ ಸುಮ್ಮನಿದ್ದವರು ಆಗ ಬಾಯಿ ಬಿಟ್ಟರು: ‘ಸರ್, ಸಾಲಿಯವರು ಕೋಟೆ ತೋರ್ಸಾಕ ಕರಕೊಂಡ್ ಹೋದ್ರೂ ಸಹಿ ಕೇಳ್ತಾರ. ನೀವೂ ಕೇಳ್ರಿ.’ ಶಿಕ್ಷಕರು ಡೈರಿ ತೆಗೆದು ಬರೆದುಕೊಂಡರು.

ಗೆಳತಿಯರೇ, ಹೀಗೆ ಕೇಳಿದಾಗ ಎದುರಿನವರ ಮುಖ ನೋಡಿ. ಉತ್ತರ ಗೊತ್ತಿಲ್ಲದಿರುವುದು ತಪ್ಪಲ್ಲ. ಕೇಳಿದ್ದಕ್ಕೇ ಸಿಟ್ಟು ಬಂದರೆ ಮಾತ್ರ ಎಚ್ಚರ. ಇನ್ನೊಂದು ಮಾತಂತೂ ಸೆರಗಿಗೆ ಗಂಟು ಹಾಕಿಕೊಳ್ಳಿ: ‘ಇದನ್ನು ಮನೆಯಲ್ಲಿ ಹೇಳಬೇಡ’ ಎಂದು ಮಕ್ಕಳಿಗೆ ಕಲಿಸುವ ಗ್ರೂಪ್ ಯಾವುದೇ ಇರಲಿ, ಎಷ್ಟೇ ಒಳ್ಳೆಯ ಹೆಸರಿರಲಿ, ಅಂದೇ ಬಿಡಿಸಿ.

ಮಗನನ್ನು ಕೇಳುವುದಕ್ಕೂ ಒಂದು ರೀತಿ ಇದೆ. ಅವನು ಬಾಗಿಲು ದಾಟುವಾಗ ‘ಎಲ್ಲಿಗೆ? ಯಾರ ಜತೆ? ಎಷ್ಟೊತ್ತಿಗೆ ಬರ್ತಿ?’ ಅಂತ ಶುರು ಮಾಡಿದರೆ ಸಿಗುವ ಉತ್ತರ ‘ಇಲ್ಲೇ’ ಅನ್ನುವುದೊಂದೇ. ಬಂದು ಊಟಕ್ಕೆ ಕೂತಾಗ, ತಟ್ಟೆಗೆ ಇನ್ನೊಂದು ರೊಟ್ಟಿ ಹಾಕುತ್ತಾ, ‘ಇವತ್ತು ಯಾರ್ ಮಾತಾಡಿದ್ರು? ಯಾರಾದ್ರೂ ಒಪ್ಪಲಾರದ ಜಗಳಾ ಮಾಡಿದ್ರೇನು?’ ಎಂದು ಕೇಳಿ ನೋಡಿ. ‘ಹ್ಞೂಂ, ಅವನು ಹಿಂಗಂದ, ನಾನು ಹಂಗಲ್ಲ ಅಂದೆ’ ಅಂತ ಮಗ ಹೇಳಿದರೆ ಅರ್ಧ ಚಿಂತೆ ಬಿಡಿ. ಜಗಳವಾಡಲು ಬಿಡುವ ಗುಂಪು ಹುಡುಗನ ತಲೆಯನ್ನು ಅವನ ಕೈಯಲ್ಲೇ ಬಿಟ್ಟಿರುತ್ತದೆ. ಬದಲಿಗೆ ಹಳೇ ಗೆಳೆಯರ ಹೆಸರು ಮಾತಿನಿಂದ ಮಾಯವಾದರೆ, ‘ಅವರು ಅಂಥವರು, ಇವರು ಇಂಥವರು’ ಎಂದು ಊರಿನ ಅರ್ಧ ಜನರ ಬಗ್ಗೆ ಒಂದೇ ಮಾತಲ್ಲಿ ತೀರ್ಪು ಕೊಡಲು ಶುರು ಮಾಡಿದರೆ, ಓದು ಹಿಂದೆ ಬಿದ್ದರೆ, ಆಗ ಕೂಡಿಸಿಕೊಂಡು ಮಾತಾಡುವ ಹೊತ್ತು ಬಂದಿದೆ ಎಂದೇ ಅರ್ಥ.

ಈ ಮಾತು ಮುಸ್ಲಿಂ ತಾಯಂದಿರಿಗೆ ಮಾತ್ರ ಅಂದುಕೊಂಡು ಪುಟ ತಿರುಗಿಸಬೇಡಿ! ಗಣೇಶೋತ್ಸವ ಬಂತೆಂದರೆ ತಿಂಗಳುಗಟ್ಟಲೆ ಮಂಡಳದಲ್ಲೇ ಇರುವ ಮಗನಿಗಾಗಿ ರಾತ್ರಿ ಒಂದು ಗಂಟೆಗೆ ಬಾಗಿಲಲ್ಲಿ ಕಾಯುವ ತಾಯಂದಿರು ನಮ್ಮ ಶಹಾಪುರದಲ್ಲಿಲ್ಲವೇ? ವಂತಿಗೆ ಯಾರು ನೋಡುತ್ತಾರೆ, ರಾತ್ರಿ ಭಾಷಣ ಯಾರದು, ಹುಡುಗನಿಗೆ ಕುಡಿಯಲು ಯಾರು ಕೊಟ್ಟರು... ಅವರ ಪ್ರಶ್ನೆಗಳೂ ಇವೇ. ಅವರೂ ಮಂಡಳದ ಪೆಂಡಾಲಿನೊಳಗೆ ಹೋಗಿ ಕೇಳಿದ್ದು ಕಡಿಮೆ.

ಈಗ ಫೋನ್ ವಿಷಯ. ನನ್ನ ಮಟ್ಟಿಗೆ ನಿಜವಾದ ಭಯ ಇರುವುದು ಆ ಹಾಲ್‌ನಲ್ಲಲ್ಲ, ಅಂಗೈಯಲ್ಲಿ. 2023ರ ಜೂನ್‌ನಲ್ಲಿ ಕೊಲ್ಹಾಪುರದಲ್ಲಿ ಏನಾಯಿತು? ನಮ್ಮಿಂದ ಎರಡು ತಾಸಿನ ದಾರಿ. ಕೆಲವರು ಹಾಕಿದ ಮೊಬೈಲ್ ಸ್ಟೇಟಸ್‌ಗಳಿಂದ ಶುರುವಾಗಿ ಊರಿಗೆ ಊರೇ ಬಂದ್ ಆಗಿ, ಕಲ್ಲು ತೂರಾಟ, ಲಾಠಿ. ಸ್ಟೇಟಸ್ ಹಾಕಿದವರಲ್ಲಿ ಅಪ್ರಾಪ್ತ ಹುಡುಗರೂ ಇದ್ದರು. ಮೂವತ್ತು ಸೆಕೆಂಡಿನ ಸ್ಟೇಟಸ್! 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 196ನೇ ಕಲಮಿನ ಪ್ರಕಾರ ಧರ್ಮಗಳ ನಡುವೆ ದ್ವೇಷ ಹುಟ್ಟಿಸಿದರೆ ಮೂರು ವರ್ಷದವರೆಗೆ ಜೈಲು ಆಗಬಹುದು. ಪಾಸ್‌ಪೋರ್ಟ್, ಸರ್ಕಾರಿ ನೌಕರಿಯ ಪೊಲೀಸ್ ವೆರಿಫಿಕೇಶನ್ ಅಂತ ಬಂದಾಗ ಹಳೇ ಕೇಸು ಎದುರಿಗೆ ಬಂದು ನಿಲ್ಲುತ್ತದೆ. ಯಾರೋ ಗುರುತಿಲ್ಲದವರು ಅಡ್ಮಿನ್ ಆಗಿರುವ ಗ್ರೂಪಿನಿಂದ ಹೊರಗೆ ಬರುವುದು ಹೇಡಿತನವಲ್ಲ ಎಂದು ಮಗನಿಗೆ ತಿಳಿಹೇಳಿ. ಕಸಿದುಕೊಂಡು ನೋಡಬೇಡಿ. ‘ನನಗೂ ತೋರ್ಸು, ಇದರಾಗ ಏನ್ ಬರ್ತದ’ ಎಂದು ಪಕ್ಕದಲ್ಲಿ ಕೂತು ನೋಡಿ. ನಮ್ಮ ತಾಯಿ ಹಾಗೆ ಕೂತಾಗ ಮಗನ ಫೋನಿನಲ್ಲಿ ಹನ್ನೊಂದು ಗ್ರೂಪುಗಳಿದ್ದವು. ಭಾನುವಾರದ ಗ್ರೂಪ್ ಅದರಲ್ಲೊಂದು, ಬರೀ ರಕ್ತದ ಕೋರಿಕೆ ಮತ್ತು ಫುಟ್‌ಬಾಲ್. ಉಳಿದ ಹತ್ತಕ್ಕೆ ಇವನನ್ನು ಸೇರಿಸಿದ್ದು ಯಾರು ಅಂತ ಅವನಿಗೇ ಗೊತ್ತಿರಲಿಲ್ಲ!

ರಕ್ತದಾನದ ಬಗ್ಗೆಯೂ ಆಕೆ ಕೇಳಿದರು. ಹದಿನೆಂಟು ತುಂಬುವ ತನಕ ಬೇಡ, ತೂಕ ಕನಿಷ್ಠ 45 ಕೆ.ಜಿ. ಇರಬೇಕು, ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ಇವನಿಗೆ ಇನ್ನೂ ಹದಿನೇಳು. ‘ಹೆಸರು ಬರಸಿ ಇಟ್ಟೇನ್ರಿ’ ಅಂದ.

ಹುಡುಗರ ಗುಂಪು ಹೊರಗಿನವರ ಕಡೆ ಮುಖ ಮಾಡಿದೆಯೋ, ಗೋಡೆಯ ಕಡೆಯೋ, ಅದನ್ನು ನೋಡಿ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ‘ಮರ್ಸಿ ಏಂಜೆಲ್ಸ್’ ಸ್ವಯಂಸೇವಕರು, ಮನೆಯವರೇ ಹತ್ತಿರ ಬರಲು ಹೆದರಿದ ಶವಗಳಿಗೆ ಎಲ್ಲ ಧರ್ಮದ ಪದ್ಧತಿಯಂತೆ ಅಂತ್ಯಸಂಸ್ಕಾರ ಮಾಡಿದ್ದನ್ನು ಮರೆಯಲಾದೀತೇ? 2019ರ ಆಗಸ್ಟ್ ಮಹಾಪೂರದಲ್ಲಿ ನಮ್ಮ ಜಿಲ್ಲೆ ಮುಳುಗಿದಾಗ ಈ ಗ್ರೂಪ್ ಇನ್ನೂ ಹುಟ್ಟಿರಲಿಲ್ಲ. ಆದರೆ ಈಗ ಮಲಪ್ರಭಾ ತುಂಬಿದರೆ ಖಾನಾಪುರದ ಯಾವ ಓಣಿಗೆ ಮೊದಲು ನೀರು ಬರುತ್ತದೆ ಎಂಬ ಪಟ್ಟಿ ಗೋಡೆಗೆ ಅಂಟಿಸಿದ್ದರು. ಅದನ್ನು ಬರೆದವನು ನಮ್ಮ ತಾಯಿಯ ಮಗನೇ. ‘ನಮ್ಮ ಊರಲ್ರಿ, ನನಗ ಗೊತ್ತೈತಿ’ ಎಂದ. ಪಟ್ಟಿಯಲ್ಲಿ ಎಲ್ಲ ಓಣಿಗಳೂ ಇದ್ದವು.

ಒಂದು ಮಾತು ಮಾತ್ರ ಆ ಹಾಲ್‌ನಲ್ಲಿ ಯಾರೂ ಆಡುವುದಿಲ್ಲ ಅನ್ನಿಸಿತು. ಪ್ರೀತಿ. ಹದಿನೇಳರ ಹುಡುಗನಿಗೆ ಕ್ಲಾಸಿನ ಹುಡುಗಿಯ ಮೇಲೆ ಮನಸ್ಸಾಗುವುದು ಎಲ್ಲೂ ನಡೆಯುವಂಥದ್ದು. ನಮ್ಮ ಕಡೆ ಅದರ ಬೆಲೆ ಎಷ್ಟಾಗಬಹುದು ಅಂತ 2021ರಲ್ಲಿ ನೋಡಿದ್ದೇವೆ. ಶಿಕ್ಷಕರನ್ನು ಕೇಳಿದರೆ, ‘ನಾವು ದೃಷ್ಟಿ ತಗ್ಗಿಸಿ ನಡೀರಿ ಅಂತೇವ್ರಿ’ ಅಂದರು. ಅಷ್ಟು ಸಾಲದು. ಬೆದರಿಕೆ ಬಂದ ದಿನ ಆ ಹುಡುಗ ಯಾರಿಗೆ ಫೋನ್ ಮಾಡಬೇಕು? ಅಪ್ಪ ಬೈಯುತ್ತಾನೆ, ಗೆಳೆಯರು ಏರಿಸುತ್ತಾರೆ. ಮನೆಯಲ್ಲಿ ಅಮ್ಮನೋ, ಮಾಮನೋ, ಚಾಚಾನೋ, ಯಾರೋ ಒಬ್ಬರು ‘ಮೊದಲು ಹೇಳು, ಬೈಯೂದು ಆಮೇಲೆ’ ಅನ್ನುವವರಿರಬೇಕು. ಬೆದರಿಕೆ ಬಂದರೆ ಮೆಸೇಜು, ನಂಬರು ಅಳಿಸದೆ ಇಟ್ಟುಕೊಂಡು ಅಂದೇ ಪೊಲೀಸರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ಸ್ವೀಕೃತಿ ತೆಗೆದುಕೊಳ್ಳಿ. ‘ಪಂಚರು ಕೂತು ಬಗೆಹರಿಸ್ತಾರ’ ಎಂದು ಹುಡುಗನನ್ನು ಒಬ್ಬನನ್ನೇ ಎಲ್ಲಿಗೂ ಕಳಿಸಬೇಡಿ.

ಇಷ್ಟೆಲ್ಲ ನೋಡಿ ಮನೆಗೆ ಬಂದರೆ ಬಾಗಿಲಲ್ಲಿ ಮಗಳು! ಬಿಎಸ್ಸಿ ಎರಡನೇ ವರ್ಷ. ‘ಅವನ ಮೀಟಿಂಗ್ ನೋಡಾಕ ನೀವಿಬ್ಬರೂ ಹೋದ್ರಿ. ನನ್ನ ಯಾಕ ಯಾರೂ ಕರಿಯೂದಿಲ್ಲ?’ ಅಂದಳು. ನನಗೆ ಉತ್ತರ ಇರಲಿಲ್ಲ. ಆ ಹಾಲ್‌ನಲ್ಲಿ ಮೂವತ್ತು ಹುಡುಗರು, ಒಬ್ಬಳೂ ಹುಡುಗಿಯಿಲ್ಲ. ಕೇಳಿದ್ದಕ್ಕೆ ‘ಜಾಗ ಇಲ್ಲ ಆಂಟಿ’ ಅಂದಿದ್ದರು. ಜಾಗ ಇಲ್ಲದ್ದು ಹಾಲ್‌ನಲ್ಲೋ, ತಲೆಯಲ್ಲೋ! ಹೆಣ್ಣುಮಕ್ಕಳಿಗೆ ಮಸೀದಿ ಪ್ರವೇಶ ಬೇಕೆಂದು ಹೇಳಿದ್ದಕ್ಕೆ 2000ದಲ್ಲಿ ಬಹಿಷ್ಕಾರ ಅನುಭವಿಸಿದ ಹಾಸನದ ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕಾಲು ಶತಮಾನದಲ್ಲಿ ಲಂಡನ್ ತನಕ ಕಥೆ ಹೋಯಿತು, ನಮ್ಮ ಗಲ್ಲಿಯ ಮೆಟ್ಟಿಲು ಹತ್ತಲು ಹುಡುಗಿಗೆ ಇನ್ನೂ ಆಗಿಲ್ಲ.

ಮಗಳ ಮಾತು ತಾಯಿಗೆ ಚುಚ್ಚಿತು. ಮರುವಾರ ಶಿಕ್ಷಕರಿಗೆ ತಾವೇ ಫೋನ್ ಮಾಡಿದರಂತೆ. ಶನಿವಾರ ಮಧ್ಯಾಹ್ನ ಈಗ ಅವರ ಮನೆಯ ಪಡಸಾಲೆಯಲ್ಲೇ ಏಳು ಹುಡುಗಿಯರು ಸೇರುತ್ತಾರೆ. ಹಳೇ ಲ್ಯಾಪ್‌ಟಾಪ್ ಶನಿವಾರ ಇಲ್ಲಿ, ಭಾನುವಾರ ಅಲ್ಲಿ. ಅರ್ಜಿ ತುಂಬಿಸಿಕೊಳ್ಳಲು ಹಾಲ್‌ಗೆ ಹೋಗಲು ಸಂಕೋಚಪಡುತ್ತಿದ್ದ ಓಣಿಯ ಹೆಂಗಸರು ಇಲ್ಲಿಗೆ ಬರುತ್ತಾರೆ, ಪಕ್ಕದ ಮನೆಯ ಮರಾಠಿ ಕಾಕೂ ಕೂಡ ಮೊಮ್ಮಗಳ ಆಧಾರ್ ತಿದ್ದುಪಡಿಗೆ ಏನೇನು ಕಾಗದ ಬೇಕೆಂದು ಕೇಳಲು ಬಂದಿದ್ದರಂತೆ. ಅತ್ತೆಯವರಿಗೆ ಮಾತ್ರ ಚಹಾಪುಡಿ ಬೇಗ ಮುಗಿಯುತ್ತದೆ ಎಂಬ ತಕರಾರು.

ಯಜಮಾನರು ಇನ್ನೂ ಪೂರ್ತಿ ಒಪ್ಪಿಲ್ಲ. ಮಗ ಹತ್ತು ಗ್ರೂಪುಗಳಿಂದ ಹೊರಬಂದಿದ್ದನ್ನು ಕೇಳಿ ‘ಹ್ಞೂಂ’ ಅಂದಿದ್ದಾರೆ ಅಷ್ಟೆ. ಕ್ಯಾಂಪಿನ ಸಹಿಯ ಕಾಗದ ಮೊನ್ನೆ ಮನೆಗೆ ಬಂತಂತೆ. ಎರಡು ದಿನ ಟಿವಿ ಮೇಲೆ ಇಟ್ಟಿದ್ದರು. ಮೂರನೇ ದಿನ ಖಾನಾಪುರದ ಬಸ್ಸಿಗೆ ಹೊರಡುವ ಮೊದಲು, ಎಲ್ಲಿ ಉಳಿಯುತ್ತಾರೆ, ಜತೆಗೆ ಯಾರು ಹೋಗುತ್ತಾರೆ, ಫೋನ್ ನಂಬರ್ ಏನು ಎಂದು ಮೂರು ಪ್ರಶ್ನೆ ಅದರ ಹಿಂದೆ ಬರೆದು, ಸಹಿ ಹಾಕದೆ ಮಗನ ಕೈಗೆ ಕೊಟ್ಟು ಹೋಗಿದ್ದಾರೆ. ‘ಉತ್ತರ ತಂದ್ರ ಹಾಕ್ತಾರಂತ್ರಿ’ ಎಂದು ಆಕೆ ಫೋನಿನಲ್ಲಿ ನಕ್ಕರು.